ನಾನೇ ಬರೆದ ಕ್ರಾಸ್ ಸ್ಟಿಚ್ ಪ್ಯಾಟರ್ನ್‌ಗೆ ಎಷ್ಟು ಬಟ್ಟೆ ಬೇಕು ಎಂದು ಲೆಕ್ಕ ಹಾಕುವುದು ಹೇಗೆ?

ಚಾರ್ಟ್‌ನಲ್ಲಿ ಅಡ್ಡಕ್ಕೆ ಎಷ್ಟು ಚೌಕಗಳಿವೆ ಎಣಿಸಿ, ಬಟ್ಟೆಯ ಕೌಂಟ್‌ನಿಂದ (ಒಂದು ಇಂಚಿನಲ್ಲಿ ಎಷ್ಟು ಚೌಕ, ಲಿನನ್ ಆದರೆ ಎಷ್ಟು ಎಳೆ, ಎಂಬ ಸಂಖ್ಯೆ) ಭಾಗಿಸಿ. ಬಂದದ್ದು ಇಂಚು. 14 ಕೌಂಟ್ ಐಡಾ ಬಟ್ಟೆಯಲ್ಲಿ (ಕ್ರಾಸ್ ಸ್ಟಿಚ್‌ಗೆಂದೇ ಚೌಕ ಚೌಕವಾಗಿ ನೇಯ್ದ ಬಟ್ಟೆ) ಒಂದು ಇಂಚಿಗೆ 14 ಹೊಲಿಗೆ ಕೂರುತ್ತವೆ, ಹಾಗಾಗಿ 140 ಚೌಕದ ಚಿತ್ರ 10 ಇಂಚು ಅಗಲ ಬರುತ್ತದೆ. ಅದನ್ನೇ 18 ಕೌಂಟ್‌ನಲ್ಲಿ ಹಾಕಿದರೆ 8 ಇಂಚೂ ಆಗುವುದಿಲ್ಲ. ಉದ್ದಕ್ಕೂ ಇದೇ ಲೆಕ್ಕ.

ಲಿನನ್‌ನಲ್ಲಿ ಎರಡೆರಡು ಎಳೆಯ ಮೇಲೆ ಹೊಲಿಯುವವರು ಕೌಂಟನ್ನು ಅರ್ಧ ಮಾಡಿಕೊಳ್ಳಬೇಕು. 28 ಇದ್ದರೆ 14 ಎಂದೇ ಹಿಡಿಯಿರಿ.

ಮುಂದೆ ಫ್ರೇಮ್ ಹಾಕಿಸಬೇಕು ಅಲ್ವಾ? ನಾಲ್ಕೂ ಕಡೆ 3 ಇಂಚು ಜಾಸ್ತಿ ಬಿಡಿ. ಇಲ್ಲಿ ಜಿಪುಣತನ ಬೇಡವೇ ಬೇಡ.

ಪ್ಯಾಟರ್ನನ್ನು ಬೇರೆಯವರಿಗೂ ಕೊಡುವುದಾದರೆ ಸುಮ್ನೆ ಇಂಚು ಬರೆದು ಬಿಡಬೇಡಿ, ಚೌಕಗಳ ಸಂಖ್ಯೆಯನ್ನೂ ಬರೆಯಿರಿ. ಅವರ ಹತ್ತಿರ ಇರುವ ಬಟ್ಟೆ ಬೇರೆ ಕೌಂಟ್‌ನದ್ದಾಗಿರಬಹುದು.