ವಾರಕ್ಕೇ ಬೂಷ್ಟು ಹಿಡಿದ ಕಂಡೀಷನರ್

ಪ್ರಶ್ನೆ: ಅಕ್ಕ, ನಮ್ಮೂರು ಅರಸೀಕೆರೆ. ನನಗೆ ಸೊಂಟದವರೆಗೆ ಕೂದಲಿದೆ, ಆದರೆ ತುಂಬಾ ಒರಟು, ತುದಿಯೆಲ್ಲ ಸೀಳಿದೆ. ಮನೆಗೆ ಬರುವುದು ಬೋರ್‌ವೆಲ್ ನೀರು. ದಾಸವಾಳದ ಸೊಪ್ಪು, ಲೋಳೆಸರ, ಕೊಬ್ಬರಿ ಎಣ್ಣೆ ಮಿಕ್ಸಿಗೆ ಹಾಕಿ ಕಂಡೀಷನರ್ ಮಾಡಿದೆ. ಕೆಡದೇ ಇರಲಿ ಅಂತ ಎರಡು ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿ ಬಾಟಲಿಗೆ ತುಂಬಿಟ್ಟೆ. ವಾರಕ್ಕೇ ಬೂಷ್ಟು ಬಂತು, ಎಣ್ಣೆ ಬೇರೆ ನೀರು ಬೇರೆ ಆಯಿತು. ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಆ ಬಾಟಲಿ ಚೆಲ್ಲಿಬಿಡಿ. ಮೇಲಿನದು ತೆಗೆದು ಕೆಳಗಿನದು ಬಳಸೋಣ ಅಂತ ಆಸೆ ಆಗುತ್ತದೆ, ಬೇಡ.

ನೀವು ಆರಿಸಿದ ಸಾಮಾನು ಯಾವುದೂ ಕೆಟ್ಟದ್ದಲ್ಲ. ತುಂಬಿಟ್ಟಿದ್ದೇ ತೊಂದರೆ. ನೀರು, ಸೊಪ್ಪು ಸೇರಿದ ಕಡೆ ಬೂಷ್ಟು ಬೆಳೆದೇ ಬೆಳೆಯುತ್ತದೆ, ಹಾಲು ಕೆಟ್ಟ ಹಾಗೆ. ವಿಟಮಿನ್ ಇ ಎಣ್ಣೆಗೆ ಬೇಗ ಕಮಟು ವಾಸನೆ ಬರದಂತೆ ತಡೆಯುತ್ತದೆ ಅಷ್ಟೇ, ಬೂಷ್ಟನ್ನು ತಡೆಯುವುದಿಲ್ಲ. ಇದನ್ನು ನಂಬಿ ಮೋಸ ಹೋದವರು ತುಂಬಾ ಜನ.

ಸೊಪ್ಪಿನದೇ ಬೇಕು ಅಂದರೆ ಅವತ್ತಿಂದು ಅವತ್ತೇ ಮಾಡಿ. ಇಲ್ಲಿ ಚಿಕ್ಕಮಗಳೂರಲ್ಲಿ ನಮ್ಮ ಬೇಲಿಯಲ್ಲಿ ದಾಸವಾಳ ಇದೆ, ತಲೆಗೆ ನೀರು ಹಾಕುವ ದಿನ ಎರಡು ಹಿಡಿ ಎಲೆ ಕಿತ್ತು ಚೊಂಬು ನೀರಲ್ಲಿ ಕಿವುಚುತ್ತೇನೆ. ಐದು ನಿಮಿಷಕ್ಕೆ ನೀರು ಹಸಿರಾಗಿ, ಬೆರಳೆತ್ತಿದರೆ ದಾರದ ಹಾಗೆ ಲೋಳೆ ಇಳಿಯುತ್ತದೆ. ಹಳೇ ಪಂಚೆ ಬಟ್ಟೆಯಲ್ಲಿ ಸೋಸಿಯೇ ಹಚ್ಚಬೇಕು, ಇಲ್ಲದಿದ್ದರೆ ಎಲೆಚೂರು ಆರಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಕೊಬ್ಬರಿ ಎಣ್ಣೆ ಇದಕ್ಕೆ ಸೇರಿಸಬೇಡಿ, ಸ್ನಾನಕ್ಕೆ ಒಂದು ಗಂಟೆ ಮೊದಲೇ ಹಚ್ಚಿ. ಅದು ಕೂದಲೊಳಗೆ ಇಳಿಯುವ ಎಣ್ಣೆ, ತೊಳೆಯುವಾಗ ಕೂದಲಿನ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ.

ಆದರೆ ನಿಮ್ಮ ಕೂದಲಿಗೆ ಲೋಳೆ ಒಂದೇ ಸಾಲದು ಅನ್ನಿಸುತ್ತದೆ. ಸವೆದ ಕೂದಲಿನ ಮೇಲೆ ಋಣ ವಿದ್ಯುದಂಶ ಜಾಸ್ತಿ. ಧನ ಅಂಶ ಇರುವ ವಸ್ತು ಹಚ್ಚಿದರೆ ಸವೆದ ಜಾಗಕ್ಕೇ ಹೋಗಿ ಅಂಟುತ್ತದೆ, ನೀರು ಹಾಕಿದರೂ ತೆಳುವಾಗಿ ಉಳಿಯುತ್ತದೆ. ಅಂಗಡಿಯ ಕಂಡೀಷನರ್ ಕೆಲಸ ಮಾಡುವುದು ಹೀಗೇ. ಸೋಪು, ಕ್ರೀಮು ಮಾಡುವ ಸಾಮಾನು ಮಾರುವವರ ಹತ್ತಿರ ಬಿಟಿಎಂಎಸ್ ಅಂತ ಧನ ಅಂಶ ಇರುವ ಬಿಳಿ ಮೇಣದಂಥ ಚೂರು ಸಿಗುತ್ತದೆ. ಎಣ್ಣೆ, ನೀರು ಬೇರೆಯಾಗದಂತೆ ಹಿಡಿಯುವುದೂ ಅದೇ.

100 ಗ್ರಾಂಗೆ ಲೆಕ್ಕ ಹೇಳುತ್ತೇನೆ. ಬಿಟಿಎಂಎಸ್ 4 ಗ್ರಾಂ, ಸೀಟೈಲ್ ಆಲ್ಕೋಹಾಲ್ 3, ಕೊಬ್ಬರಿ ಎಣ್ಣೆ 2 ಒಂದು ಪಾತ್ರೆಗೆ. ಡಿಸ್ಟಿಲ್ಡ್ ವಾಟರ್ 88, ಗ್ಲಿಸರಿನ್ 2 ಇನ್ನೊಂದಕ್ಕೆ. ಆಲ್ಕೋಹಾಲ್ ಅಂತ ಹೆದರಬೇಡಿ, ಇದು ಮೇಣದಂಥದ್ದು, ಕೂದಲು ಒಣಗಿಸುವುದಿಲ್ಲ. ಎರಡೂ ಪಾತ್ರೆ ಬಿಸಿನೀರಲ್ಲಿಟ್ಟು 75 ಡಿಗ್ರಿ ಬಂದ ಮೇಲೆ ಸೇರಿಸಿ ಕಡೆಯಿರಿ. 40 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ ಫಿನಾಕ್ಸಿಎಥನಾಲ್ ಇರುವ ಪ್ರಿಸರ್ವೇಟಿವ್ 1 ಗ್ರಾಂ ಹಾಕಿ, ಅದಕ್ಕಿಂತ ಜಾಸ್ತಿ ಬೇಡ. ಇದನ್ನು ಬಿಡುವ ಹಾಗೇ ಇಲ್ಲ. ಹುಳಿ ಎಷ್ಟಿದೆ ಅಂತ ತೋರಿಸುವ ಪಿಎಚ್ ಪಟ್ಟಿ ಅದ್ದಿ ನೋಡಿ, ಅಂಕಿ 4ರಿಂದ 5ರ ಒಳಗಿರಬೇಕು. ಅಂಕಿ ಜಾಸ್ತಿ ಇದ್ದರೆ ಹುಳಿ ಸಾಲದು ಅಂತ, ಆಗ ಸಿಟ್ರಿಕ್ ಆಸಿಡ್ ಕರಗಿಸಿದ ನೀರು ಒಂದೊಂದೇ ಹನಿ ಬಿಡಿ. ಚಮಚದ ಅಳತೆ ನಂಬಬೇಡಿ. ನಾನು ಮೊದಲ ಸಲ ಚಮಚದಲ್ಲಿ ಅಳೆದು, ಬಾಟಲಿಯಿಂದ ಬೀಳದಷ್ಟು ಗಟ್ಟಿ ಆಗಿತ್ತು. ಡಿಜಿಟಲ್ ತಕ್ಕಡಿ ತಗೊಳ್ಳಿ.

ಹಾಂ, ಆ ಬೋರ್‌ವೆಲ್ ನೀರು. ಕೊಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ ಅಲ್ವಾ, ಆ ಸುಣ್ಣದ ಅಂಶ ಕೂದಲ ಮೇಲೂ ಕೂರುತ್ತದೆ. ಕೊನೆಯ ಎರಡು ಚೊಂಬು ಮಳೆನೀರೋ ಆರ್‌ಒ ನೀರೋ ಹಾಕಿ.

ಪ್ರಶ್ನೆ: ನನ್ನದು ತೆಳು ಕೂದಲು, ಬೇಗ ಜಿಡ್ಡಾಗುತ್ತದೆ. ಮೊಟ್ಟೆ ಹಚ್ಚಬಹುದಾ? – ಓದುಗರು, ಸಕಲೇಶಪುರ

ಉತ್ತರ: ಹಚ್ಚಿದರೆ ಅಪಾಯವೇನಿಲ್ಲ, ಆದರೆ ಮೊಟ್ಟೆಯ ಪ್ರೋಟೀನ್ ಕೂದಲೊಳಗೆ ಇಳಿಯಲಾರದಷ್ಟು ದೊಡ್ಡದು. ಬಿಸಿನೀರು ಬಿದ್ದರೆ ತಲೆಯಲ್ಲೇ ಬೆಂದು ಅಂಟುತ್ತದೆ. ಮೇಲಿನ ಲೆಕ್ಕದಲ್ಲೇ ಮಾಡಿಕೊಳ್ಳಿ, ಕೊಬ್ಬರಿ ಎಣ್ಣೆ ಬಿಟ್ಟು ನೀರು 90 ಗ್ರಾಂ ಮಾಡಿ. ಬುಡಕ್ಕೆ ತಾಗಿಸದೆ ಕಿವಿಯಿಂದ ಕೆಳಗೆ ಮಾತ್ರ ಹಚ್ಚಿ, ಎರಡು ನಿಮಿಷ ಬಿಟ್ಟು ತೊಳೆಯಿರಿ.