ಆಸ್ಟ್ರೇಲಿಯಾದಲ್ಲಿ ಮೊದಲ ಸಲ ಓಟು ಹಾಕಬೇಕು. ಅಲ್ಲಿನ ಸರ್ಕಾರ, ಚುನಾವಣೆ ಹೇಗೆ?

ಕೊಪ್ಪಳದಿಂದ ಹೋಗಿ ಮೆಲ್ಬರ್ನ್‌ನಲ್ಲಿ ಸಿಟಿಜನ್ ಆಗಿದ್ದೀರಿ, ಅಲ್ಲಿನ ಚುನಾವಣೆ ಒಂದೂ ತಲೆಗೆ ಹೋಗ್ತಿಲ್ಲ ಅಂತ ಕೇಳಿದ್ದೀರಿ. ನನ್ನದೂ ಅದೇ ಪಾಡಾಗಿತ್ತು. ನಾನು ಬಳ್ಳಾರಿ ಜಿಲ್ಲೆ ಸಿರುಗುಪ್ಪದವನು. 2019ರಲ್ಲಿ ಅಲ್ಲಿಗೆ ಹೋದೆ, 2025ರ ಮೇ 3ರಂದು ಮೊದಲ ಓಟು ಹಾಕಿದೆ. ಆ ಓಟು ಲೆಕ್ಕಕ್ಕೇ ಬರಲಿಲ್ಲ.

ಮೊದಲು ಸರ್ಕಾರದ ವಿಷಯ. ಅದು ಕಷ್ಟವಿಲ್ಲ. ನಮ್ಮ ಲೋಕಸಭೆ ಥರ ಕೆಳಮನೆ, 150 ಸೀಟು. ರಾಜ್ಯಸಭೆ ಥರ ಸೆನೆಟ್, 76 ಸೀಟು. ಆದರೆ ಸೆನೆಟ್‌ಗೂ ಜನರೇ ನೇರವಾಗಿ ಓಟು ಹಾಕುತ್ತಾರೆ. ಕೆಳಮನೆ ಅವಧಿ ಮೂರೇ ವರ್ಷ. ರಾಷ್ಟ್ರಪತಿ ಜಾಗದಲ್ಲಿ ಬ್ರಿಟನ್ ರಾಜ, ಅವರ ಪರವಾಗಿ ಗವರ್ನರ್ ಜನರಲ್. 2010ರಿಂದ 2018ರೊಳಗೆ ನಾಲ್ಕು ಸಲ ಆಳುವ ಪಕ್ಷದವರೇ ತಮ್ಮ ಪ್ರಧಾನಿಯನ್ನು ಕೆಳಗಿಳಿಸಿ ಬೇರೆಯವರನ್ನು ಕೂರಿಸಿದರು. ಅದಕ್ಕೆ ಯಾರೂ ರೆಸಾರ್ಟ್‌ಗೆ ಹೋಗಲಿಲ್ಲ ನೋಡಿ.

ತಲೆ ಕೆಡೋದು ಬ್ಯಾಲೆಟ್ ಪೇಪರ್ ಹತ್ತಿರ. ಶನಿವಾರ ಬೆಳಿಗ್ಗೆ ಒಂದು ಶಾಲೆಗೆ ಹೋದೆ. ಹೊರಗೆ ಬ್ರೆಡ್ಡಿನಲ್ಲಿ ಸಾಸೇಜ್, ಈರುಳ್ಳಿ ಇಟ್ಟು ಮಾರುತ್ತಿದ್ದರು. ನಮ್ಮೂರಲ್ಲಾದರೆ ಒಗ್ಗರಣೆ ಮಿರ್ಚಿ ಬಂಡಿ ನಿಲ್ಲುವ ಜಾಗ ಅದು. ಒಳಗೆ ಮಷೀನ್ ಇಲ್ಲ. ಕೆಳಮನೆಗೆ ಹಸಿರು ಕಾಗದ, ಸೆನೆಟ್‌ಗೆ ಬಿಳಿ ಕಾಗದ, ಒಂದು ಪೆನ್ಸಿಲ್. ಹಸಿರು ಕಾಗದದಲ್ಲಿ ಎಂಟು ಹೆಸರು, ಪಕ್ಕದಲ್ಲಿ ಖಾಲಿ ಚೌಕ.

ಇದು ನನಗೆ ಗೊತ್ತಿರೋದೇ ಅಂದುಕೊಂಡೆ. 2018ರಲ್ಲಿ ವಿಧಾನ ಪರಿಷತ್ತಿನ ನಮ್ಮ ಈಶಾನ್ಯ ಪದವೀಧರ ಕ್ಷೇತ್ರಕ್ಕೆ ಓಟು ಹಾಕಿದ್ದೆ, ಅವರು ಕೊಟ್ಟ ನೇರಳೆ ಸ್ಕೆಚ್ ಪೆನ್ನಲ್ಲಿ 1 ಅಂತ ಬರೆದು ಬಂದಿದ್ದೆ. ಇಲ್ಲೂ ಒಬ್ಬರ ಮುಂದೆ 1 ಬರೆದು ಡಬ್ಬಕ್ಕೆ ಹಾಕಿದೆ. ಕಾಗದ ಕೊಡುವಾಗ ಎಲ್ಲ ಚೌಕ ತುಂಬಿ ಅಂತ ಹೇಳಿದ್ದರು, ಗಡಿಬಿಡಿಯಲ್ಲಿ ಕಿವಿಗೆ ಬೀಳಲಿಲ್ಲ. ಸಂಜೆ ಗೆಳೆಯನೊಬ್ಬ ಕೇಳಿದಾಗಲೇ ಗೊತ್ತಾಗಿದ್ದು.

ನಮ್ಮಲ್ಲಿ 1 ಒಂದೇ ಬರೆದರೂ ಓಟು ನಡೆಯುತ್ತದೆ. ಅಲ್ಲಿ ಹಸಿರು ಕಾಗದದಲ್ಲಿ ಎಂಟು ಜನ ಇದ್ದರೆ 1ರಿಂದ 8ರವರೆಗೆ ಬರೆಯಬೇಕು, ಕಂಡರಾಗದವರಿಗೂ ಒಂದು ನಂಬರ್ ಕೊಡಬೇಕು. ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕೊನೆಯವರನ್ನು ತೆಗೆದು, ಅವರಿಗೆ ಬಿದ್ದ ಕಾಗದಗಳಲ್ಲಿ ಯಾರ ಮುಂದೆ 2 ಅಂತ ಇದೆಯೋ ಅವರಿಗೆ ಆ ಓಟು ಹಂಚುತ್ತಾರೆ. ಒಬ್ಬರು ಅರ್ಧ ದಾಟುವವರೆಗೂ ಹೀಗೇ. ಹಾಗಾಗಿ ಮೊದಲ ಸುತ್ತಲ್ಲಿ ಮುಂದಿದ್ದವರು ಕೊನೆಗೆ ಸೋಲಬಹುದು. ಬಿಳಿ ಕಾಗದದಲ್ಲಿ ಒಂದು ಅಡ್ಡಗೆರೆ ಇರುತ್ತದೆ, ಅದರ ಮೇಲ್ಭಾಗದ ಪಕ್ಷಗಳ ಚೌಕಗಳಲ್ಲಿ 1ರಿಂದ ಶುರುಮಾಡಿ ಕನಿಷ್ಠ 6 ತುಂಬಿದರೆ ಸಾಕು. ತಪ್ಪಾದರೆ ನಾಚಿಕೊಳ್ಳಬೇಡಿ, ಡಬ್ಬಕ್ಕೆ ಹಾಕುವ ಮೊದಲು ಕೇಳಿದರೆ ಬೇರೆ ಕಾಗದ ಕೊಡುತ್ತಾರೆ.

ಹೋಗದೆ ಮಾತ್ರ ಇರಬೇಡಿ. ಸರಿಯಾದ ಕಾರಣ ಕೊಡದಿದ್ದರೆ 20 ಡಾಲರ್ ದಂಡ.

ಈಗ ಊರಿಗೆ ಬಂದಿದ್ದೇನೆ. ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಸುಮ್ನೆ ಕೇಳಿಸಿಕೊಂಡು, "ಬೆರಳಿಗೆ ಶಾಯಿ?" ಅಂದರು.

"ಇಲ್ಲ."

"ವೋಟರ್ ಕಾರ್ಡು?"

"ಅದೂ ಕೇಳಲ್ಲ. ಹೆಸರು, ವಿಳಾಸ ಕೇಳಿ, ಈ ಚುನಾವಣೇಲಿ ಆಗಲೇ ಓಟು ಹಾಕಿದ್ದೀರಾ ಅಂತಾರೆ. ಇಲ್ಲ ಅಂದ್ರೆ ಪಟ್ಟೀಲಿ ಗುರುತು ಹಾಕ್ಕೊಂಡು ಕಾಗದ ಕೊಡ್ತಾರೆ."

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು ನಕ್ಕೇ ನಕ್ಕರು.