‘ಸಂಗ್ರಹಿಸಲಾಯಿತು’ ಅಂದರೆ ಯಾರು ಸಂಗ್ರಹಿಸಿದರು?

ಪ್ರಿಯರೇ,

ನಿಮ್ಮ ‘ಅಭಿವೃದ್ಧಿಯ ಹಾದಿಯಲ್ಲಿ ಜನರ ಪಾಲು’ ಲೇಖನ ಓದಿದೆ. ಬೆಳಗಾವಿಯ ಹಲಗಾ–ಮಚ್ಛೆ ಬೈಪಾಸ್ ಮುಂದಿಟ್ಟುಕೊಂಡು, ರಸ್ತೆ, ರೈಲು, ಬಸ್ಸಿನ ಯೋಜನೆ ಮಾಡುವಾಗ ಜನರನ್ನು ಕೇಳಬೇಕು ಎಂದು ಬರೆದಿದ್ದೀರಿ. ವಿಷಯ ಒಳ್ಳೆಯದು. ಕಾಗುಣಿತ ಸರಿಯಿದೆ. ಕೇಳಿದ್ದಕ್ಕಿಂತ ಉದ್ದ ಬರೆದಿಲ್ಲ, ಅದೂ ಅಪರೂಪ. ಹೊಗಳಿಕೆ ಇಷ್ಟು ಸಾಕು. ಯಾಕೆಂದರೆ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು.

ಅಲ್ಲಿ ಹೀಗೆ ಬರೆದಿದ್ದೀರಿ: ‘ಯೋಜನೆ ಕುರಿತು ಸಾರ್ವಜನಿಕರ ಅಭಿಪ್ರಾಯ ಸಂಗ್ರಹಿಸಲಾಯಿತು. ಆದರೆ ಅದನ್ನು ಪರಿಗಣಿಸಲಾಗಲಿಲ್ಲ.’

ಯಾರು ಸಂಗ್ರಹಿಸಿದರು? ಎಲ್ಲಿ ಕೂತು? ಯಾವ ತಿಂಗಳು? ಪರಿಗಣಿಸದೆ ಬಿಟ್ಟವರು ಯಾರು? ಇಂಥ ವಾಕ್ಯದಿಂದ ಸರ್ಕಾರಿ ಕಚೇರಿಗೆ ಉಪಯೋಗವಿದೆ, ಅವರು ಬರೆದುಕೊಳ್ಳಲಿ. ಕಚೇರಿಯ ಮೇಲೆ ದೂರು ಬರೆಯಲು ಕೂತ ನೀವೂ ಅದನ್ನೇ ಬರೆದರೆ ಹೇಗೆ?

ನಡೆಯುವ ರೀತಿ ಇದು. ಹೆದ್ದಾರಿಗೆ ಜಮೀನು ಹೋಗುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಕೆಳಗೆ. ಮೊದಲು ಸೆಕ್ಷನ್ 3ಎ ಅಧಿಸೂಚನೆ, ಅಂದರೆ ಈ ಜಮೀನು ಬೇಕು ಎಂದು ಸರ್ಕಾರ ತಿಳಿಸುವುದು. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಒಂದು ಸ್ಥಳೀಯ ಭಾಷೆಯದಾಗಿರಬೇಕು. ಅಧಿಸೂಚನೆ ಪ್ರಕಟವಾಗಿ 21 ದಿನದೊಳಗೆ ತಕರಾರು ಬರೆದುಕೊಡಬೇಕು. ಕೊಡಬಹುದಾದವರು ಆ ಜಮೀನಿನಲ್ಲಿ ಹಿತಾಸಕ್ತಿ ಇರುವವರು ಮಾತ್ರ. ಅದನ್ನು ಕೇಳಿ ಅಧಿಕಾರಿ ಕೊಡುವ ಆದೇಶ ಕಾಯ್ದೆಯ ಪ್ರಕಾರ ಅಂತಿಮ. ಜನ ಹೈಕೋರ್ಟಿಗೆ ಓಡುವುದು ಅದಕ್ಕೇ. ಆಮೇಲೆ ಸ್ವಾಧೀನದ 3ಡಿ ಘೋಷಣೆ ಪ್ರಕಟವಾಯಿತೋ, ಜಮೀನು ಕೇಂದ್ರ ಸರ್ಕಾರದ್ದು.

ಈಗ ಹೇಳಿ, ಇದರಲ್ಲಿ ನಿಮ್ಮ ‘ಸಾರ್ವಜನಿಕರು’ ಎಲ್ಲಿದ್ದಾರೆ? ಪಾಲಿಗೆ ಮಾಡುವವರು ತಮ್ಮ ಹಕ್ಕು ತೋರಿಸಲು ಒದ್ದಾಡಬೇಕು. ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳಿಗೆ, ದಿನಾ ಆ ದಾರಿಯಲ್ಲಿ ಓಡಾಡುವವರಿಗೆ ಅಲ್ಲಿ ಜಾಗವೇ ಇಲ್ಲ. ನಿಮ್ಮ ಲೇಖನದ ನಿಜವಾದ ಸುದ್ದಿ ಇದು. ಅದನ್ನು ಬಿಟ್ಟು ‘ಅಭಿಪ್ರಾಯ ಸಂಗ್ರಹಿಸಲಾಯಿತು’ ಎಂದು ದಾಟಿಬಿಟ್ಟಿದ್ದೀರಿ.

ಮುಂದಿನ ಪ್ಯಾರಾ: ‘2013ರ ಭೂಸ್ವಾಧೀನ ಕಾಯ್ದೆಯ ಸಾಮಾಜಿಕ ಪರಿಣಾಮ ಅಧ್ಯಯನವನ್ನು ಕಡೆಗಣಿಸಲಾಗಿದೆ.’ ಮತ್ತೆ ಅದೇ! ಇಲ್ಲಂತೂ ಆ ವಾಕ್ಯ ನಿಮ್ಮನ್ನೇ ದಾರಿ ತಪ್ಪಿಸಿದೆ. ಯಾರು ಕಡೆಗಣಿಸಿದರು ಎಂದು ಹುಡುಕಿದ್ದರೆ ಗೊತ್ತಾಗುತ್ತಿತ್ತು. ಆ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ 13 ಕಾಯ್ದೆಗಳ ಪಟ್ಟಿ ಇದೆ. ಹೆದ್ದಾರಿ ಕಾಯ್ದೆ, ರೈಲ್ವೆ ಕಾಯ್ದೆ ಎರಡೂ ಅದರಲ್ಲಿವೆ. ಅವುಗಳನ್ನು ಪಾರ್ಲಿಮೆಂಟೇ ಹೊರಗಿಟ್ಟಿತು. 2015ರಿಂದ ಪರಿಹಾರದ ಲೆಕ್ಕ ಮತ್ತು ಪುನರ್ವಸತಿ ಇವಕ್ಕೂ ಬಂತು. ಅಧ್ಯಯನ ಬರಲಿಲ್ಲ, ಅದರ ಜೊತೆಗಿನ ಅಹವಾಲು ಸಭೆಯೂ ಬರಲಿಲ್ಲ. ಹಾಗಾದರೆ ನಿಮ್ಮ ದೂರು ಇಲ್ಲಿನ ಕಚೇರಿಯ ಮೇಲೋ, ದಿಲ್ಲಿಯ ಮೇಲೋ? ಓದುಗರು ಅದನ್ನೇ ಕೇಳುತ್ತಾರೆ.

‘ಜನಾಭಿಪ್ರಾಯ ಸಭೆಗಳನ್ನು ಕಾಟಾಚಾರಕ್ಕೆ ನಡೆಸಲಾಗುತ್ತದೆ’ ಎಂಬ ಮಾತೂ ಇದೆ. ಇರಬಹುದು. ಆದರೆ ಯಾವ ಸಭೆ? ಪರಿಸರ ಅನುಮತಿ ಬೇಕಾದ ಯೋಜನೆಗಳಿಗೆ 2006ರ ಅಧಿಸೂಚನೆಯಂತೆ ನಡೆಯುವ ಸಭೆಯಾದರೆ, ಕರೆಯುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಕನಿಷ್ಠ 30 ದಿನ ಮೊದಲು ತಿಳಿಸಬೇಕು. ಡಿಸಿ ಅಥವಾ ಅವರ ಪರವಾಗಿ ಬಂದ ಹಿರಿಯ ಅಧಿಕಾರಿ ಅಧ್ಯಕ್ಷರು. ಇಷ್ಟೇ ಜನ ಬರಬೇಕು ಎಂಬ ನಿಯಮವಿಲ್ಲ. ಖಾಲಿ ಕುರ್ಚಿಗಳ ಮುಂದೆಯೂ ಸಭೆ ನಡೆದಂತೆಯೇ ಲೆಕ್ಕ. ಆದರೆ ಕೊನೆಗೆ ಯಾರು ಏನು ಹೇಳಿದರು ಎಂಬ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ವಿವರಿಸಿ ಅಲ್ಲೇ ಓದಿ ಹೇಳಬೇಕು. ಓದಿದರಾ? ಅಷ್ಟೊತ್ತಿಗೆ ಎಷ್ಟು ಜನ ಉಳಿದಿದ್ದರು? ಅಂಥ ಒಂದು ಸಭೆಗೆ ಹೋಗಿ ಕೊನೆಯವರೆಗೆ ಕೂತು ಬಂದು ಇದನ್ನು ಬರೆಯಿರಿ. ಕಾಟಾಚಾರ ಎಂಬ ಶಬ್ದ ಬೇಕೇ ಆಗುವುದಿಲ್ಲ.

ಇಷ್ಟೆಲ್ಲ ಗದರಿಸುತ್ತಾ ಲೇಖನ ವಾಪಸ್ ಕಳಿಸದೆ ಇಟ್ಟುಕೊಂಡಿದ್ದಕ್ಕೆ ಕಾರಣವಿದೆ. ಮೂರನೇ ಪುಟದ ಕೆಳಗೆ, ನಿಮಗೇ ಗೊತ್ತಿಲ್ಲದ ಹಾಗೆ, ಒಂದು ಕಡೆ ಬರೆದಿದ್ದೀರಿ: ‘ನೋಟಿಸ್ ಬಂದಾಗ ಕಾಕಾ ಅದನ್ನು ಮಡಚಿ ಪಾಸ್‌ಬುಕ್ಕಿನೊಳಗೆ ಇಟ್ಟರು. ಮಸೂರದ ರಾಶಿ ಮುಗಿಯಲಿ, ನೋಡೋಣ ಎಂದರು.’ ಅಲ್ಲಿ ನಾನು ನಿಂತುಬಿಟ್ಟೆ. ಕಾಯ್ದೆಯ 21 ದಿನ ರಾಶಿಗೆ ಕಾಯುವುದಿಲ್ಲ, ಅಲ್ವಾ? ಭತ್ತ ಕೊಯ್ದ ಹಸಿಯಲ್ಲೇ ಮಸೂರ, ಕಡಲೆ ಬೆಳೆಯುವ ಜಮೀನು ಅದು. ನೀವು ಮುಂದಿನ ಸಾಲಿನಲ್ಲೇ ಕಾಕಾನನ್ನು ಬಿಟ್ಟು ‘ಅನ್ನದಾತನ ಕಣ್ಣೀರು’ ಎಂದು ಹಾರಿದ್ದೀರಿ. ಕಾಕಾ ಅತ್ತರಾ? ನಿಮ್ಮ ಬರಹದಲ್ಲಿ ಹಾಗೇನೂ ಕಾಣುವುದಿಲ್ಲ. ಆ ನೋಟಿಸ್ ಯಾವ ಭಾಷೆಯಲ್ಲಿತ್ತು? ಅವರ ಮನೆಗೆ ಯಾವ ಪೇಪರ್ ಬರುತ್ತದೆ? ಬೆಳಗಾವಿಯ ವಡಗಾವಿ, ಶಹಾಪುರದಲ್ಲಿ ಬಹಳ ಮನೆಗಳಲ್ಲಿ ಓದುವುದು ಮರಾಠಿ ಪೇಪರ್. ‘ಸ್ಥಳೀಯ ಭಾಷೆ’ ಎಂದು ಕಾಯ್ದೆ ಬರೆದವರು ಬೆಳಗಾವಿಯನ್ನು ನೋಡಿ ಬರೆದಿರಲಿಕ್ಕಿಲ್ಲ.

ನಾನು ಕೆಲಸ ಕಲಿತದ್ದು ವಿಜಯಪುರದ ಒಂದು ಸಣ್ಣ ಪತ್ರಿಕೆಯಲ್ಲಿ. ಆಗ ಅದು ಬಿಜಾಪುರ, ಬಾಗಲಕೋಟೆಯೂ ಅದೇ ಜಿಲ್ಲೆ. ಹೊಸಬರಿಗೆ ವರದಿ ಬರೆಯಲು ಬಿಡುತ್ತಿರಲಿಲ್ಲ. ನನ್ನ ಪಾಲಿಗೆ ಬಂದದ್ದು ಸರ್ಕಾರಿ ನೋಟಿಸುಗಳ ಕರಡು ತಿದ್ದುವ ಕೆಲಸ. ಆಲಮಟ್ಟಿ ಹಿನ್ನೀರಿಗೆ ಜಮೀನು ಹೋಗುತ್ತಿದ್ದ ಕಾಲ. ಬರೀ ಸರ್ವೆ ನಂಬರು, ಎಕರೆ, ಗುಂಟೆ. ಹಿರಿಯ ಉಪಸಂಪಾದಕರನ್ನು ಎಲ್ಲರೂ ಮಾಸ್ತರ್ ಎನ್ನುತ್ತಿದ್ದೆವು. ಅವರು ಎದುರಿಗೆ ಕೂತು ಒಂದೊಂದು ನಂಬರನ್ನೂ ಗಟ್ಟಿಯಾಗಿ ಓದಿಸುತ್ತಿದ್ದರು. ಒಮ್ಮೆ ಬೀಳಗಿ ಕಡೆಯ ಹಿರಿಯರೊಬ್ಬರು ಕಚೇರಿಗೇ ಬಂದರು. ‘ತಮ್ಮಾ, ನಮ್ಮ ನಂಬರ್ ಐತೇನು ನೋಡು’ ಎಂದು ಹಳೇ ಪೇಪರ್ ಚಾಚಿದರು. ಇತ್ತು. ತಕರಾರಿನ ದಿನ ದಾಟಿತ್ತು. ಮಾಸ್ತರು ಅವರಿಗೆ ಚಹಾ ತರಿಸಿದರು. ಅಂದಿನಿಂದ ನನಗೆ ನಂಬರ್ ಬಿಟ್ಟು ಮೊದಲು ಕೊನೇ ದಿನಾಂಕ ಓದಿಸತೊಡಗಿದರು. ಈಗಲೂ ನಾನು ಪೇಪರ್ ಹಿಡಿದರೆ ಮೊದಲು ತೆಗೆಯುವುದು ನೋಟಿಸಿನ ಪುಟ. ಮನೆಯವರು ನಗುತ್ತಾರೆ, ನಗಲಿ.

ಇನ್ನೊಂದು ತಕರಾರು ಹೇಳಿ ಮುಗಿಸುತ್ತೇನೆ. ಕೊನೆಯಲ್ಲಿ ‘ಸಂಬಂಧಪಟ್ಟ ಅಧಿಕಾರಿಗಳು ಗಮನ ಹರಿಸಬೇಕು’ ಎಂದಿದ್ದೀರಿ. ಅವರು ಯಾರು? ಬಸ್ಸನ್ನೇ ತೆಗೆದುಕೊಳ್ಳಿ. ಕೃಷ್ಣೆಯ ಆಚೆ ಕೊಲ್ಹಾರ ವಿಜಯಪುರ ಜಿಲ್ಲೆ. ಅಲ್ಲಿನ ಬಸ್ಸು ಕಲ್ಯಾಣ ಕರ್ನಾಟಕ ಸಾರಿಗೆಯದು, ಅದರ ಕೇಂದ್ರ ಕಚೇರಿ ಕಲಬುರಗಿ. ಸೇತುವೆ ದಾಟಿದರೆ ಕೊರ್ತಿ, ಬಾಗಲಕೋಟೆ ಜಿಲ್ಲೆ. ಅಲ್ಲಿಯದು ವಾಯವ್ಯ ಕರ್ನಾಟಕ ಸಾರಿಗೆ, ಕೇಂದ್ರ ಕಚೇರಿ ಹುಬ್ಬಳ್ಳಿ. ನಡುವೆ ಒಂದು ಬಸ್ ಬೇಕೆಂದರೆ ಅರ್ಜಿ ಯಾರಿಗೆ? ಇದನ್ನು ಬಿಡಿಸಿ ಹೇಳಿದ್ದರೆ ನಿಮ್ಮ ಆ ಇಡೀ ಪುಟದ ಆಶಯಗಳಿಗಿಂತ ಜಾಸ್ತಿ ಉಪಕಾರವಾಗುತ್ತಿತ್ತು.

ಉಳಿದ ಪುಟಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಮತ್ತೆ ಬರೆಯಿರಿ. ಕಾಕಾನ ನೋಟಿಸಿನಿಂದ ಶುರು ಮಾಡಿ. ಅದರ ಮೇಲಿನ ದಿನಾಂಕ, ಸಹಿ ಮಾಡಿದವರ ಹುದ್ದೆ ನೋಡಿಕೊಂಡು ಬರೆಯಿರಿ. ಕಾಕಾನ ಹೆಸರು ಹಾಕಬಹುದಾ ಎಂದು ಅವರನ್ನೇ ಕೇಳಿ. ಕೋರ್ಟಿನಲ್ಲಿ ಅವರ ಕೇಸ್ ಇದ್ದರೆ ವಕೀಲರನ್ನೂ ಒಂದು ಮಾತು ಕೇಳಿಬಿಡಿ.